ಭಯಾನಕ ಚಿತ್ರಗಳ ಉತ್ತರಭಾಗ: ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’ಗಳ ತೌಲನಿಕ ವಿವೇಚನೆ

೧

ಜನಪ್ರಿಯ ಚಲನಚಿತ್ರವೊಂದು ಯಶಸ್ಸು ಪಡೆದ ಬಳಿಕ ಅದರ ಕಥೆಯನ್ನು ಮುಂದುವರಿಸಿ ಮತ್ತೊಂದು ಚಿತ್ರವನ್ನು ನಿರ್ಮಿಸುವುದು ಉದ್ಯಮದ ವಾಡಿಕೆಯಾಗಿದೆ. ಹೀಗೆ ಬಂದ ಚಿತ್ರಗಳ ಬಗ್ಗೆ, ಅದರಲ್ಲಿಯೂ ಭಯಾನಕ ಚಿತ್ರಗಳ ಉತ್ತರಭಾಗಗಳ ಬಗ್ಗೆ, ವಿಮರ್ಶೆಯು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುತ್ತ ಬಂದಿದೆ: ಅವು ಮೂಲಚಿತ್ರದ ಸಮಕ್ಕೆ ಬರಲಾರವು. ಈ ತೀರ್ಮಾನ ಬಹುಮಟ್ಟಿಗೆ ನಿಜವೇ. ಆದರೆ ಅದಕ್ಕೆ ಕೊಡಲಾಗುವ ಕಾರಣ ತೃಪ್ತಿಕರವಾದುದಲ್ಲ. ಉತ್ತರಭಾಗವು ಹಣದಾಸೆಯಿಂದ ಹುಟ್ಟಿದ್ದು, ಆದ್ದರಿಂದ ಅದು ಕೆಳಮಟ್ಟದ್ದು ಎಂಬ ವಾದ ಮೂಲಚಿತ್ರಕ್ಕೂ ಅನ್ವಯವಾಗುತ್ತದೆ. ಅದನ್ನೂ ಹಣ ಹೂಡಿ, ಹಣ ಬರಲೆಂದೇ ತೆಗೆದಿರುತ್ತಾರೆ. ಅದೇ ನಿರ್ದೇಶಕ, ಅದೇ ನಾಯಕನಟ, ಅದೇ ಸಂಗೀತ ನಿರ್ದೇಶಕ ಸೇರಿ ಮಾಡಿದ ಎರಡು ಚಿತ್ರಗಳಲ್ಲಿ ಒಂದು ಮನಸ್ಸಿನಲ್ಲಿ ನೆಲೆಸಿ, ಇನ್ನೊಂದು ನೆಲೆಸದೆ ಹೋಗುವುದಕ್ಕೆ ಕಾರಣವನ್ನು ವ್ಯಾಪಾರದಾಚೆ, ರಸದ ಸ್ವರೂಪದಲ್ಲಿಯೇ ಹುಡುಕಬೇಕಾಗುತ್ತದೆ.

ಈ ಹುಡುಕಾಟಕ್ಕೆ ಕನ್ನಡದಲ್ಲಿಯೇ ಸೂಕ್ತವಾದ ಜೋಡಿಯೊಂದಿದೆ. ಪಿ. ವಾಸು ನಿರ್ದೇಶಿಸಿ ವಿಷ್ಣುವರ್ಧನ್ ಮುಖ್ಯಪಾತ್ರದಲ್ಲಿ ನಟಿಸಿದ ‘ಆಪ್ತಮಿತ್ರ’ (೨೦೦೪) ಮತ್ತು ಅದರ ಮುಂದುವರಿಕೆಯಾದ ‘ಆಪ್ತರಕ್ಷಕ’ (೨೦೧೦). ಎರಡಕ್ಕೂ ಗುರುಕಿರಣ್ ಅವರ ಸಂಗೀತವಿದೆ. ಎರಡೂ ಜನಮನ್ನಣೆ ಪಡೆದವು. ಎರಡರಲ್ಲಿಯೂ ನಾಗವಲ್ಲಿ ಎಂಬ ನರ್ತಕಿಯ ದುರಂತವೇ ಕಥೆಯ ಮೂಲ. ಇಷ್ಟು ಅಂಶಗಳು ಸಮಾನವಾಗಿರುವುದರಿಂದ ಇವುಗಳ ಭೇದವನ್ನು ಗುರುತಿಸುವುದು ವಿಮರ್ಶಕನಿಗೆ ಸುಲಭವೂ ಹೌದು, ಫಲಪ್ರದವೂ ಹೌದು.

೨

‘ಉತ್ತರಭಾಗ’ ಎಂಬ ಪರಿಕಲ್ಪನೆ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಜಿನಸೇನರು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಉತ್ತರಪುರಾಣದ ಮೂಲಕ ಪೂರ್ಣಗೊಳಿಸಿದರು. ಬಾಣನ ‘ಕಾದಂಬರಿ’ಯ ಉತ್ತರಭಾಗ ಅವನ ಮಗನ ಕೃತಿ. ಇವೆರಡೂ ಮುಗಿಯದ ಕೃತಿಯನ್ನು ಮುಗಿಸಿದ ನಿದರ್ಶನಗಳು. ಮುಗಿದ ಕೃತಿಯನ್ನು ಮುಂದುವರಿಸುವುದು ಇದಕ್ಕಿಂತ ಭಿನ್ನವಾದ, ಹೆಚ್ಚು ಕಷ್ಟದ ಕೆಲಸ. ಅದಕ್ಕೆ ಭವಭೂತಿಯೇ ಶ್ರೇಷ್ಠ ಉದಾಹರಣೆ. ಆತನ ‘ಮಹಾವೀರಚರಿತ’ವು ರಾಮನ ವಿಜಯ ಮತ್ತು ಪಟ್ಟಾಭಿಷೇಕದ ಕಥೆ, ಅಲ್ಲಿ ವೀರವೇ ಪ್ರಧಾನ ರಸ. ‘ಉತ್ತರರಾಮಚರಿತ’ವು ಆ ವಿಜಯಕ್ಕೆ ತೆತ್ತ ಬೆಲೆ ಏನು, ಅದನ್ನು ತೆತ್ತವಳು ಯಾರು ಎಂಬ ಪ್ರಶ್ನೆಯಿಂದ ಹೊರಡುತ್ತದೆ, ಅಲ್ಲಿ ಕರುಣವೇ ಪ್ರಧಾನ. ಮೊದಲ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮ ಹಿಂದಿನ ಬದುಕಿನ ಚಿತ್ರಗಳನ್ನು ನೋಡುತ್ತಾರೆ. ಪೂರ್ವಕಥೆಯು ಚಿತ್ರವಾಗಿ ಎದುರಿಗಿದೆ. ಆದರೆ ಅದನ್ನು ನೋಡುವ ಕಣ್ಣು ಈಗ ಬೇರೆಯಾಗಿದೆ. ಎರಡನೆಯ ನಾಟಕವು ಮೊದಲನೆಯದನ್ನು ಮೀರಿತೆಂದು ಸಹೃದಯರು ಬಹುಕಾಲದಿಂದ ಒಪ್ಪಿರುವುದಕ್ಕೆ ಕಾರಣವಿಷ್ಟೆ: ಅಲ್ಲಿ ಘಟನೆಗಳು ಮುಂದುವರಿದಿವೆ, ಅದಕ್ಕಿಂತ ಮುಖ್ಯವಾಗಿ ಪ್ರಶ್ನೆ ಬದಲಾಗಿದೆ.

ವೀರಕಥೆಗೆ ಅಥವಾ ಹಾಸ್ಯಕಥೆಗೆ ಉತ್ತರಭಾಗ ಬರೆಯುವವನಿಗೆ ಇಲ್ಲದ ಒಂದು ತೊಡಕು ಭಯಾನಕದ ಕರ್ತೃವಿಗಿದೆ. ವೀರನನ್ನು ಬಲ್ಲೆವೆಂಬ ಕಾರಣಕ್ಕೆ ಅವನ ಮುಂದಿನ ಸಾಹಸದ ಸೊಗಸು ಕುಗ್ಗುವುದಿಲ್ಲ. ಆದರೆ ಭಯವು ಅರಿಯದುದನ್ನು ಆಶ್ರಯಿಸಿ ನಿಲ್ಲುವ ಭಾವ. ಮೂಲಚಿತ್ರವು ತನ್ನ ಕೊನೆಯಲ್ಲಿ ಆ ಅರಿಯದುದನ್ನು ಬಿಡಿಸಿ ತೋರಿಸಿರುತ್ತದೆ. ಬಿಡಿಸಿದ ಒಗಟಿಗೆ ಮತ್ತೆ ಹೆದರುವವರಿಲ್ಲ. ಆದ್ದರಿಂದ ಉತ್ತರಭಾಗವು ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ: ಭಯದ ಪ್ರಮಾಣವನ್ನು ಹೆಚ್ಚಿಸುವುದು, ಇಲ್ಲವೇ ಭಯದ ನೆಲೆಯನ್ನು ಬದಲಿಸುವುದು. ಬಹುತೇಕ ಚಿತ್ರಗಳು ಮೊದಲನೆಯ ದಾರಿಯನ್ನೇ ಹಿಡಿಯುತ್ತವೆ.

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕವನ್ನು ವಿವರಿಸುವಾಗ ವಿಕೃತವಾದ ದನಿ, ಶೂನ್ಯಗೃಹ, ಅರಣ್ಯ ಮುಂತಾದ ವಿಭಾವಗಳನ್ನು ಹೇಳುವುದರ ಜೊತೆಗೆ ಮೂರು ಬಗೆಗಳನ್ನು ಗುರುತಿಸುತ್ತಾನೆ. ನಟನೆಯಿಂದ ತೋರಿಸಿಕೊಳ್ಳುವ ಭಯ, ಅಪರಾಧದಿಂದ ಹುಟ್ಟುವ ಭಯ, ಹೆದರಿಸುವಿಕೆಯಿಂದ ಉಂಟಾಗುವ ಭಯ. ಈ ವಿಭಾಗ ಚಲನಚಿತ್ರ ವಿಮರ್ಶೆಗೆ ಬಹು ಉಪಯುಕ್ತವಾದುದು. ಕತ್ತಲಿಂದ ಥಟ್ಟನೆ ಹೊರಬರುವ ಮುಖ, ಎದೆ ನಡುಗಿಸುವ ಸದ್ದು — ಇವು ಹೆದರಿಸುವಿಕೆಯ ಭಯಕ್ಕೆ ಸೇರಿದವು. ಒಮ್ಮೆ ತಿಳಿದರೆ ಇವುಗಳ ಬಲ ಮುಗಿಯುತ್ತದೆ. ಅಪರಾಧದಿಂದ ಹುಟ್ಟುವ ಭಯ ಹಾಗಲ್ಲ. ಎಂದೋ ನಡೆದ ಅನ್ಯಾಯವೊಂದು ಪ್ರಾಯಶ್ಚಿತ್ತವಿಲ್ಲದೆ ಉಳಿದಿದೆ ಎಂಬ ಅರಿವು ಕಥೆ ತಿಳಿದ ಮೇಲೂ ಕಾಡುತ್ತದೆ. ಮತ್ತು ಅದು ಅನ್ಯಾಯಕ್ಕೆ ಒಳಗಾದವರ ಕಡೆಗೆ ನೋಡುಗನ ಮನಸ್ಸನ್ನು ತಿರುಗಿಸುವುದರಿಂದ ಕರುಣಕ್ಕೆ ಸಮೀಪವಾಗಿರುತ್ತದೆ. ಭರತನ ಪ್ರಕಾರ ಭಯಾನಕವು ಬೀಭತ್ಸದಿಂದ ಹುಟ್ಟುತ್ತದೆ. ಉತ್ತರಭಾಗಗಳಲ್ಲಿ ರಕ್ತ, ಶವ, ವಿಕಾರಗಳು ಹೆಚ್ಚುತ್ತ ಹೋಗುವುದನ್ನು ಗಮನಿಸಿದರೆ, ಕರುಣದ ಬೆಂಬಲವನ್ನು ಕಳೆದುಕೊಂಡ ಭಯಾನಕವು ಬದುಕಲೆಂದು ತನ್ನ ಮೂಲವಾದ ಬೀಭತ್ಸಕ್ಕೇ ಮರಳುತ್ತದೆಯೆಂದು ಹೇಳಬಹುದು.

೩

ಹಾಲಿವುಡ್‌ನ ಮೂರು ನಿದರ್ಶನಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ಜೇಮ್ಸ್ ವೇಲ್ ೧೯೩೧ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನೂ ೧೯೩೫ರಲ್ಲಿ ಅದರ ಉತ್ತರಭಾಗವಾದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರವನ್ನೂ ನಿರ್ದೇಶಿಸಿದನು. ಮೊದಲ ಚಿತ್ರದಲ್ಲಿ ಬೋರಿಸ್ ಕಾರ್ಲೋಫ್ ನಿರ್ವಹಿಸಿದ ಕೃತಕ ಜೀವಿಗೆ ಮಾತಿಲ್ಲ. ಎರಡನೆಯದರಲ್ಲಿ ಅದು ಒಬ್ಬ ಕುರುಡ ಏಕಾಂತವಾಸಿಯ ಗುಡಿಸಲಿನಲ್ಲಿ ಆಶ್ರಯ ಪಡೆದು ಮಾತು ಕಲಿಯುತ್ತದೆ, ಸ್ನೇಹವೆಂದರೇನೆಂದು ಅರಿಯುತ್ತದೆ, ತನಗೊಬ್ಬ ಸಂಗಾತಿ ಬೇಕೆಂದು ಕೇಳುತ್ತದೆ. ಆ ಸಂಗಾತಿಯೂ ತನ್ನನ್ನು ಕಂಡು ಚೀರಿದಾಗ ಅದು ಬದುಕುವ ಆಸೆಯನ್ನೇ ಬಿಡುತ್ತದೆ. ೧೮೧೮ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಈ ಜೀವಿ ಮಾತನಾಡುತ್ತದೆ, ಸಂಗಾತಿಯನ್ನು ಬೇಡುತ್ತದೆ. ಮೊದಲ ಚಿತ್ರ ಈ ಭಾಗವನ್ನು ಬಿಟ್ಟಿತ್ತು. ಉತ್ತರಭಾಗಕ್ಕೆ ಹೀಗೆ ಹೇಳದೆ ಉಳಿದ ನಿಜವಾದ ವಸ್ತುವೊಂದು ದೊರೆಯಿತು. ಭಯವನ್ನು ಹೆಚ್ಚಿಸುವ ಬದಲು ಭಯಕ್ಕೆ ಕಾರಣವಾದವನ ದುಃಖವನ್ನು ಕೇಳಿಸಿದ್ದರಿಂದ ಅದು ಮೂಲಚಿತ್ರವನ್ನು ಮೀರಿತೆಂದು ಅನೇಕ ವಿಮರ್ಶಕರು ಭಾವಿಸಿದ್ದಾರೆ.

ಇದಕ್ಕೆ ವಿರುದ್ಧವಾದುದು ‘ಹ್ಯಾಲೋವೀನ್’ ಚಿತ್ರದ ಅನುಭವ. ಜಾನ್ ಕಾರ್ಪೆಂಟರ್ ೧೯೭೮ರಲ್ಲಿ ತೆಗೆದ ಈ ಚಿತ್ರದಲ್ಲಿ ಮುಖವಾಡ ಧರಿಸಿದ ಕೊಲೆಗಾರನು ಲೌರಿ ಎಂಬ ಹುಡುಗಿಯನ್ನೇ ಏಕೆ ಬೆನ್ನಟ್ಟುತ್ತಾನೆಂಬುದಕ್ಕೆ ಕಾರಣವಿಲ್ಲ. ಕಾರಣವಿಲ್ಲದಿರುವುದೇ ಅಲ್ಲಿನ ಭಯ. ೧೯೮೧ರ ಉತ್ತರಭಾಗವು ಆಕೆ ಅವನ ತಂಗಿಯೆಂದು ಹೇಳಿತು. ನಂಟು ತಿಳಿದೊಡನೆ ಅರ್ಥವಾಗದ ಕೇಡು ಒಂದು ಮನೆತನದ ವ್ಯಾಜ್ಯದ ಮಟ್ಟಕ್ಕೆ ಇಳಿಯಿತು. ೨೦೧೮ರಲ್ಲಿ ಅದೇ ಸರಣಿಯಲ್ಲಿ ಬಂದ ಚಿತ್ರವು ಈ ನಂಟನ್ನು ಕೈಬಿಟ್ಟು ಮೂಲಚಿತ್ರಕ್ಕೆ ನೇರವಾಗಿ ಮುಂದುವರಿಯಿತು ಎಂಬುದು ಗಮನಾರ್ಹ.

ಮೂರನೆಯದು ‘ಸೈಕೋ’. ಆಲ್ಫ್ರೆಡ್ ಹಿಚ್‌ಕಾಕ್‌ನ ಈ ಚಿತ್ರ (೧೯೬೦) ಮನೋವೈದ್ಯನೊಬ್ಬನ ವಿವರಣೆಯೊಂದಿಗೆ ಕೊನೆಯ ಹಂತಕ್ಕೆ ಬರುತ್ತದೆ: ನಾರ್ಮನ್ ಬೇಟ್ಸ್‌ನ ಒಳಗೆ ಅವನ ಸತ್ತ ತಾಯಿಯ ವ್ಯಕ್ತಿತ್ವ ಮನೆಮಾಡಿದೆ. ರಿಚರ್ಡ್ ಫ್ರಾಂಕ್ಲಿನ್ ನಿರ್ದೇಶಿಸಿದ ‘ಸೈಕೋ ೨’ (೧೯೮೩), ಇಪ್ಪತ್ತೆರಡು ವರ್ಷಗಳ ಚಿಕಿತ್ಸೆಯ ನಂತರ ಗುಣಮುಖನೆಂದು ಬಿಡುಗಡೆಯಾದ ನಾರ್ಮನ್‌ನಿಂದ ಆರಂಭವಾಗುತ್ತದೆ. ಹಿಂದೆ ಕೊಲೆಯಾದವಳ ತಂಗಿ ಅವನನ್ನು ಮತ್ತೆ ಹುಚ್ಚನನ್ನಾಗಿಸಲು ಸಂಚು ಹೂಡುತ್ತಾಳೆ. ಗುಣವಾದ ಮನೋರೋಗಿಯನ್ನು ಸಮಾಜ ಬದುಕಗೊಡುವುದೇ ಎಂಬ ಹೊಸ ಪ್ರಶ್ನೆಯನ್ನು ಈ ಚಿತ್ರ ಎತ್ತುತ್ತದೆ. ಕೊನೆಯಲ್ಲಿ ಅವನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಿ ಹಳೆಯ ಭಯಕ್ಕೇ ಮರಳುವುದರಿಂದ ಅದರ ಗೆಲುವು ಅರ್ಧಕ್ಕೆ ನಿಲ್ಲುತ್ತದೆ. ಆದರೂ ಆ ಪ್ರಶ್ನೆ ಕನ್ನಡದ ಜೋಡಿಯನ್ನು ಪರಿಶೀಲಿಸುವಾಗ ನೆನಪಿನಲ್ಲಿಡಬೇಕಾದುದು.

೪

ಕನ್ನಡ ಚಲನಚಿತ್ರಕ್ಕೆ ಭಯಾನಕವು ಅಪರಿಚಿತವೇನಲ್ಲ. ‘ನಾ ನಿನ್ನ ಬಿಡಲಾರೆ’ (೧೯೭೯) ಮತ್ತು ಉಪೇಂದ್ರ ನಿರ್ದೇಶನದ ‘ಶ್!’ (೧೯೯೩) ಬೇರೆ ಬೇರೆ ಬಗೆಗಳಲ್ಲಿ ಪ್ರೇಕ್ಷಕರನ್ನು ಹೆದರಿಸಿದ್ದವು. ‘ಆಪ್ತಮಿತ್ರ’ದ ಮೂಲ ಮಲಯಾಳಂನಲ್ಲಿದೆ. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ (೧೯೯೩) ಈ ಎಲ್ಲ ಕಥೆಗಳ ತಾಯಿಬೇರು. ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟ ಚಿತ್ರವದು. ಶೀರ್ಷಿಕೆಗೆ ಚಿತ್ತಾರದ ಬೀಗ ಎಂಬ ಅರ್ಥವಿದೆ. ಬೀಗ ಹಾಕಿದ ಕೋಣೆ, ಅದನ್ನು ತೆರೆಯುವ ಗಂಗೆ ಎಂಬ ಹೆಣ್ಣು, ತೆರೆದ ಮೇಲೆ ಅವಳೊಳಗೆ ತಲೆದೋರುವ ನಾಗವಲ್ಲಿ — ಇದು ಕಥೆಯ ಬಂಧ. ಬಾಲ್ಯದಲ್ಲಿ ತಂದೆತಾಯಿಯರಿಂದ ದೂರವಾಗಿ ಅಜ್ಜಿಯ ಬಳಿ ಬೆಳೆದ ಗಂಗೆಯ ಒಂಟಿತನವೇ ಅವಳ ಕಾಯಿಲೆಯ ಮೂಲವೆಂದು ಮಲಯಾಳಂ ಚಿತ್ರ ಸೂಚಿಸುತ್ತದೆ.

ದ್ವಾರಕೀಶ್ ನಿರ್ಮಾಣದ ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಗಂಗೆಯಾಗಿ, ರಮೇಶ್ ಅರವಿಂದ್ ಆಕೆಯ ಪತಿಯಾಗಿ, ವಿಷ್ಣುವರ್ಧನ್ ಮನೋವೈದ್ಯ ವಿಜಯ್ ಆಗಿ ಅಭಿನಯಿಸಿದ್ದಾರೆ. ಹಳೆಯ ಅರಮನೆಗೆ ಬಂದ ದಂಪತಿಗಳ ಸುತ್ತ ವಿಚಿತ್ರ ಘಟನೆಗಳು ನಡೆಯುತ್ತವೆ. ಅನುಮಾನ ಮೊದಲು ಮನೆಯ ಮತ್ತೊಬ್ಬ ಹೆಣ್ಣುಮಗಳ ಮೇಲೆ ಹೋಗುತ್ತದೆ. ಮಾಟಮಂತ್ರದ ಮಾತು ಏಳುತ್ತದೆ. ಕೊನೆಗೆ ವೈದ್ಯನು, ಅಲ್ಲಿ ದೆವ್ವವಿಲ್ಲ, ಇರುವುದು ಕಾಯಿಲೆಯಿಂದ ನರಳುತ್ತಿರುವ ಗಂಗೆ ಎಂದು ತೋರಿಸುತ್ತಾನೆ. ಅವಳನ್ನು ಗುಣಪಡಿಸಲು ಅವನು ಆಯ್ದುಕೊಂಡ ಉಪಾಯವೇ ಚಿತ್ರದ ತಿರುಳು. ನಾಗವಲ್ಲಿಯ ಪ್ರಿಯಕರನನ್ನೂ ಅವಳನ್ನೂ ಕೊಂದ ದೊರೆಯ ಸ್ಥಾನದಲ್ಲಿ ಪ್ರತಿಕೃತಿಯೊಂದನ್ನಿಟ್ಟು, ಗಂಗೆಯೊಳಗಿನ ನಾಗವಲ್ಲಿಗೆ ಸೇಡು ತೀರಿದ ತೃಪ್ತಿಯನ್ನು ಒದಗಿಸಲಾಗುತ್ತದೆ. ಅವಿನಾಶ್ ನಿರ್ವಹಿಸಿದ ಆಚಾರ್ಯರ ಮಂತ್ರವಿಧಿಯೂ ವೈದ್ಯನ ವಿಜ್ಞಾನವೂ ಇಲ್ಲಿ ಕೈಜೋಡಿಸುತ್ತವೆ. ಚಿತ್ರವು ಪೂರ್ಣವಾಗಿ ವೈಚಾರಿಕವೆಂದು ಹೇಳಲಾಗದು; ಆದರೆ ಅದರ ನೈತಿಕ ನಿಲುವು ಸ್ಪಷ್ಟವಾಗಿದೆ. ಬಾಧಿತಳನ್ನು ಹೊಡೆದು, ಬೆದರಿಸಿ ದೆವ್ವ ಬಿಡಿಸಬೇಕಾಗಿಲ್ಲ. ಅವಳ ಬಾಯಲ್ಲಿ ಮಾತನಾಡುತ್ತಿರುವ ನೋವನ್ನು ಕೇಳಿ, ಅದಕ್ಕೆ ನ್ಯಾಯ ದೊರಕಿಸಬೇಕು.

ಭಾಷೆಯ ಬಳಕೆಯಲ್ಲಿಯೂ ಈ ನಿಲುವು ಕಾಣುತ್ತದೆ. ಮಲಯಾಳಂ ಚಿತ್ರದ ನಾಗವಲ್ಲಿ ತಮಿಳಿನವಳು. ಕನ್ನಡದ ನಾಗವಲ್ಲಿ ತೆಲುಗಿನವಳು. ಹಿಂದಿಯ ‘ಭೂಲ್ ಭುಲೈಯಾ’ದ (೨೦೦೭) ನರ್ತಕಿ ಬಂಗಾಳಿಯವಳು. ಅರಮನೆಗೆ ಹೊರನಾಡಿನಿಂದ ಕರೆತಂದ, ಸ್ವಂತ ನುಡಿಯಲ್ಲಿ ಅಳಲು ಹೇಳಿಕೊಂಡರೆ ಕೇಳುವವರಿಲ್ಲದ ಹೆಣ್ಣು ಆಕೆ. ಗಂಗೆ ತನ್ನದಲ್ಲದ ಭಾಷೆಯಲ್ಲಿ ಮಾತನಾಡತೊಡಗಿದಾಗ ಪ್ರೇಕ್ಷಕರಿಗೆ ಮೊದಲು ಭಯವಾಗುತ್ತದೆ. ಅರ್ಥವಾದಂತೆ ಆ ಭಯ ಮರುಕವಾಗಿ ಮಾರ್ಪಡುತ್ತದೆ. ಅಪರಾಧದಿಂದ ಹುಟ್ಟಿದ ಭಯ ಕರುಣಕ್ಕೆ ಸಲ್ಲುವ ಕ್ರಮಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಕನ್ನಡ ಜನಪ್ರಿಯ ಚಿತ್ರಗಳಲ್ಲಿ ವಿರಳ.

೫

‘ಆಪ್ತರಕ್ಷಕ’ವು ಚಿತ್ರಪಟದಿಂದ ಕಥೆಯನ್ನು ಎತ್ತಿಕೊಳ್ಳುತ್ತದೆ. ನಾಗವಲ್ಲಿಯ ಚಿತ್ರವೊಂದು ನೃತ್ಯಸ್ಪರ್ಧೆಯ ಬಹುಮಾನವಾಗಿ ಮತ್ತೊಂದು ಕುಟುಂಬದ ಮನೆ ಸೇರುತ್ತದೆ. ಅಲ್ಲಿಯೂ ವಿಪರೀತಗಳು ನಡೆಯುತ್ತವೆ. ಅಲ್ಲಿಯೂ ಬಾಧಿತಳು ಯಾರೆಂಬ ಶಂಕೆ ಮನೆಯ ಹೆಣ್ಣುಮಕ್ಕಳ ಸುತ್ತ ಸುಳಿಯುತ್ತದೆ. ಆಚಾರ್ಯರೂ ವೈದ್ಯ ವಿಜಯ್ ಅವರೂ ಮತ್ತೆ ಬರುತ್ತಾರೆ. ಇಷ್ಟರವರೆಗೆ ಇದು ಪುನರಾವೃತ್ತಿ. ಒಮ್ಮೆ ಬಿಡಿಸಿದ ಒಗಟನ್ನು ಬೇರೆ ಮನೆಯಲ್ಲಿ ಮತ್ತೆ ಹೂಡಿದಂತಾಗಿ, ಪ್ರೇಕ್ಷಕರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಭವಭೂತಿಯ ಚಿತ್ರದರ್ಶನದಲ್ಲಿ ನೋಡುವವರು ತಮ್ಮದೇ ಬದುಕನ್ನು ನೋಡುತ್ತಾರೆ. ಇಲ್ಲಿ ಚಿತ್ರಪಟವು ಅನ್ಯರ ಮನೆಗೆ ಅಂಟುಜಾಡ್ಯದಂತೆ ಬರುತ್ತದೆ. ನೋವು ಒಬ್ಬ ಗಂಗೆಯ ಬದುಕಿನೊಳಗಿಂದ ಹುಟ್ಟುವ ಬದಲು ಒಂದು ವಸ್ತುವಿನ ಮೂಲಕ ಹರಡುವ ಕೇಡಾಗುತ್ತದೆ. ಮೊದಲ ಚಿತ್ರ ಅಲ್ಲಗಳೆದ ನಂಬಿಕೆಗೆ ಎರಡನೆಯದು ಹೀಗೆ ಹಿಂಬಾಗಿಲಿನಿಂದ ಎಡೆಮಾಡಿಕೊಡುತ್ತದೆ.

ಆದರೆ ಚಿತ್ರದ ಉತ್ತರಾರ್ಧದಲ್ಲಿ ನಿಜವಾಗಿ ಹೊಸದಾದ ಕಲ್ಪನೆಯೊಂದಿದೆ. ನಾಗವಲ್ಲಿಯನ್ನು ಕೊಂದ ದೊರೆ ವಿಜಯ ರಾಜೇಂದ್ರ ಬಹದ್ದೂರ್ ಶತಮಾನ ಕಳೆದರೂ ಸತ್ತಿಲ್ಲ. ಅವನು ಬದುಕಿಯೇ ಇದ್ದಾನೆ. ವಾಸ್ತವದ ದೃಷ್ಟಿಯಿಂದ ಇದು ಅಸಂಭವ. ಸಂಕೇತವಾಗಿ ಇದಕ್ಕೆ ಅಸಾಧಾರಣ ಶಕ್ತಿಯಿದೆ. ಅನ್ಯಾಯಕ್ಕೆ ಒಳಗಾಗಿ ಸತ್ತವಳನ್ನು ಜನ ದೆವ್ವವೆಂದು ಕರೆದು ಹೆದರುತ್ತಾರೆ. ಅನ್ಯಾಯ ಮಾಡಿದವನು ಜೀವಂತವಾಗಿದ್ದಾನೆ, ಅವನಿಗೆ ಯಾರೂ ಹೆದರಿಲ್ಲ. ಮೊದಲ ಚಿತ್ರದಲ್ಲಿ ಪ್ರತಿಕೃತಿಯೊಂದನ್ನು ನಾಶಮಾಡಿ ಮುಗಿಸಿದ ನ್ಯಾಯ ಬರಿಯ ನಟನೆಯಾಗಿತ್ತು, ಅಪರಾಧಿ ಉಳಿದೇ ಇದ್ದಾನೆ ಎಂಬುದು ಮೂಲಚಿತ್ರದ ಮೇಲೆಯೇ ಎತ್ತಿದ ಗಂಭೀರ ಆಕ್ಷೇಪವಾಗಬಲ್ಲದು. ವೈದ್ಯ ಮತ್ತು ದೊರೆ ಎರಡೂ ಪಾತ್ರಗಳನ್ನು ವಿಷ್ಣುವರ್ಧನ್ ಒಬ್ಬರೇ ನಿರ್ವಹಿಸಿರುವುದರಿಂದ, ರಕ್ಷಕನ ಮುಖವೂ ಭಕ್ಷಕನ ಮುಖವೂ ಒಂದೇ ಆಗಿರುವ ವಿಚಿತ್ರ ಸನ್ನಿವೇಶ ಏರ್ಪಡುತ್ತದೆ. ಹೆಣ್ಣನ್ನು ಗುಣಪಡಿಸುವ ಅಧಿಕಾರವೂ ಅವಳನ್ನು ಕೊಲ್ಲುವ ಅಧಿಕಾರವೂ ಒಬ್ಬನದೇ ಕೈಯಲ್ಲಿವೆಯೇ ಎಂಬ ಪ್ರಶ್ನೆಗೆ ಇಲ್ಲಿ ಅವಕಾಶವಿತ್ತು.

ಚಿತ್ರವು ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದು ಹಿಂತಿರುಗುತ್ತದೆ. ದೊರೆಯು ಕಾಡುವ ಅಪರಾಧಪ್ರಜ್ಞೆಯಾಗುವ ಬದಲು ನಾಯಕನು ಎದುರಿಸಬೇಕಾದ ಖಳನಾಗುತ್ತಾನೆ. ಭಯಾನಕವು ವೀರ ಮತ್ತು ಅದ್ಭುತಗಳಿಗೆ ಸ್ಥಾನ ಬಿಟ್ಟುಕೊಡುತ್ತದೆ. ವಿಷ್ಣುವರ್ಧನ್ ಅವರ ಅಭಿನಯ ಎರಡೂ ಪಾತ್ರಗಳಲ್ಲಿ ಪ್ರಖರವಾಗಿದೆ. ದೊರೆಯ ಗತ್ತು, ಕ್ರೌರ್ಯಗಳನ್ನು ಅವರು ದೇಹದ ನಿಲುವಿನಿಂದಲೇ ತೋರಿಸುತ್ತಾರೆ. ಆದರೆ ಆ ಪ್ರಖರತೆಯೇ ಚಿತ್ರದ ಕೇಂದ್ರವನ್ನು ಹೆಣ್ಣಿನಿಂದ ಗಂಡಿಗೆ ವರ್ಗಾಯಿಸುತ್ತದೆ. ‘ಆಪ್ತಮಿತ್ರ’ ಮುಗಿದಾಗ ಮನಸ್ಸಿನಲ್ಲಿ ಉಳಿಯುವವಳು ಗಂಗೆ. ‘ಆಪ್ತರಕ್ಷಕ’ ಮುಗಿದಾಗ ಉಳಿಯುವವನು ದೊರೆ. ಬಾಧಿತಳ ಹೆಸರು ಕೂಡ ಹಲವರ ನೆನಪಿನಲ್ಲಿ ನಿಲ್ಲುವುದಿಲ್ಲ.

ಇದನ್ನು ಕೇವಲ ಕಲೆಯ ಲೋಪವೆಂದು ಬಿಡಲಾಗದು. ಮನೋರೋಗವನ್ನು ‘ಗಾಳಿ ಸೋಕಿದೆ’ ಎಂದು ತಿಳಿದು ವೈದ್ಯರ ಬಳಿಗೆ ಒಯ್ಯದಿರುವ ರೂಢಿ ಇನ್ನೂ ಅಳಿಯದ ಸಮಾಜದಲ್ಲಿ ‘ಆಪ್ತಮಿತ್ರ’ದಂತಹ ಚಿತ್ರಕ್ಕೆ ಮನರಂಜನೆಯನ್ನು ಮೀರಿದ ಬೆಲೆಯಿದೆ. ಅದರ ಉತ್ತರಭಾಗವು ಗುಣಮುಖಳಾದ ಗಂಗೆಯ ಮುಂದಿನ ಬದುಕನ್ನು ಕೇಳಬಹುದಿತ್ತು. ನೆಂಟರು, ನೆರೆಯವರು ಆಕೆಯನ್ನು ಹೇಗೆ ಕಂಡರು, ಪತಿಯ ಕಣ್ಣಿನಲ್ಲಿ ಅನುಮಾನ ಉಳಿಯಿತೇ ಎಂಬವು ‘ಸೈಕೋ ೨’ ಅರ್ಧಕ್ಕೆ ಬಿಟ್ಟ ಪ್ರಶ್ನೆಗಳು. ಅವಕ್ಕೆ ಉತ್ತರ ಹೇಳಲು ಕನ್ನಡಕ್ಕೆ ಸದವಕಾಶವಿತ್ತು. ೨೦೦೪ರ ಏಪ್ರಿಲ್ ೧೭ರಂದು ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡದ್ದರಿಂದ ಆ ದಾರಿ ಕಠಿಣವಾಯಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

೬

ಈ ಎರಡು ಚಿತ್ರಗಳ ಸ್ವೀಕಾರವನ್ನು ಪರಿಶೀಲಿಸುವವರು ಮತ್ತೊಂದು ಸಂಗತಿಯನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ‘ಆಪ್ತಮಿತ್ರ’ ಆ ವರ್ಷದ ಆಗಸ್ಟ್‌ನಲ್ಲಿ ತೆರೆಕಂಡಾಗ ಅದರ ನಾಯಕಿ ಇರಲಿಲ್ಲ. ‘ಆಪ್ತರಕ್ಷಕ’ ೨೦೧೦ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಅದರ ನಾಯಕ ಇರಲಿಲ್ಲ. ೨೦೦೯ರ ಡಿಸೆಂಬರ್ ೩೦ರಂದು ವಿಷ್ಣುವರ್ಧನ್ ನಿಧನರಾಗಿದ್ದರು. ತಮ್ಮ ಪ್ರೀತಿಯ ನಟನನ್ನು ಕೊನೆಯ ಬಾರಿ ತೆರೆಯ ಮೇಲೆ ಕಾಣಲು ಬಂದ ಜನರ ಭಾವ ಭಯವಾಗಿರಲಿಲ್ಲ, ಶೋಕವಾಗಿತ್ತು. ಸತ್ತವರು ಮತ್ತೆ ಎದುರಿಗೆ ಬಂದು ನಿಲ್ಲುವುದು ಭಯಾನಕ ಕಥೆಗಳ ವಸ್ತು. ಇಲ್ಲಿ ಅದು ಚಿತ್ರಮಂದಿರದ ವಾಸ್ತವವೇ ಆಗಿ, ಭಯದ ಬದಲು ಸಾಂತ್ವನವನ್ನು ನೀಡಿತು. ಮೊದಲ ಚಿತ್ರದಲ್ಲಿ ಹೊರಗಿನ ಶೋಕವು ಕಥೆಯ ಕರುಣದೊಡನೆ ಬೆರೆತು ಅದನ್ನು ಗಾಢವಾಗಿಸಿತು. ಎರಡನೆಯದರಲ್ಲಿ ಕಥೆಯೊಳಗೆ ಕರುಣಕ್ಕೆ ನೆಲೆ ಕಡಿಮೆಯಾದುದರಿಂದ ಆ ಶೋಕವೇ ಅದರ ಸ್ಥಾನವನ್ನು ತುಂಬಿತು. ಹೊಸ ತಲೆಮಾರಿನ ಪ್ರೇಕ್ಷಕರಿಗೆ ಆ ಶೋಕದ ನೇರ ನೆನಪಿರುವುದಿಲ್ಲ. ಅವರ ಮುಂದೆ ಎರಡು ಚಿತ್ರಗಳು ತಮ್ಮ ಬಲದಿಂದಲೇ ನಿಲ್ಲಬೇಕಾಗುತ್ತದೆ.

ಇತರ ಭಾಷೆಗಳ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ‘ಆಪ್ತರಕ್ಷಕ’ವನ್ನು ಪಿ. ವಾಸು ಅವರೇ ೨೦೧೦ರಲ್ಲಿ ‘ನಾಗವಲ್ಲಿ’ಯೆಂದು ತೆಲುಗಿಗೆ ತಂದರು. ಮಲಯಾಳಂನ ‘ಗೀತಾಂಜಲಿ’ (೨೦೧೩) ಮನೋವೈದ್ಯ ಸನ್ನಿಯ ಪಾತ್ರವನ್ನು ಮಾತ್ರ ಉಳಿಸಿಕೊಂಡು ಬೇರೊಂದು ಕಥೆಯನ್ನು ಹೇಳಿತು. ‘ಭೂಲ್ ಭುಲೈಯಾ ೨’ (೨೦೨೨) ಮತ್ತು ‘ಚಂದ್ರಮುಖಿ ೨’ (೨೦೨೩) ಚಿತ್ರಗಳಲ್ಲಿ ಪ್ರೇತವು ನಿಜವಾದ ಪ್ರೇತವೇ ಆಯಿತು. ಮೂಲಕಥೆಯು ಯಾವುದನ್ನು ಅಲ್ಲಗಳೆದು ಹಿರಿಮೆ ಪಡೆಯಿತೋ ಅದನ್ನೇ ಉತ್ತರಭಾಗಗಳು ಒಂದಾದ ಮೇಲೊಂದರಂತೆ ಒಪ್ಪಿಕೊಂಡದ್ದು ಆಕಸ್ಮಿಕವಲ್ಲ. ಮನಸ್ಸಿನ ಕಾಯಿಲೆ ಗುಣವಾಗುತ್ತದೆ. ಗುಣವಾದರೆ ಕಥೆ ಮುಗಿಯುತ್ತದೆ. ಪ್ರೇತಕ್ಕೆ ಆ ತೊಂದರೆಯಿಲ್ಲ. ಎಷ್ಟು ಭಾಗಗಳಿಗೆ ಬೇಕಾದರೂ ಅದು ಮರಳಿ ಬರಬಲ್ಲದು. ಮುಂದುವರಿಕೆಯ ಅಗತ್ಯವೇ ವೈಚಾರಿಕತೆಯನ್ನು ಬಲಿಕೊಡುತ್ತದೆ.

ಹಾಗೆಂದು ಉತ್ತರಭಾಗಗಳು ಸೋಲಲೇಬೇಕೆಂಬ ನಿಯಮವಿಲ್ಲ. ‘ಉತ್ತರರಾಮಚರಿತ’ವೂ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರವೂ ತೋರಿಸಿರುವ ಮಾರ್ಗ ಒಂದೇ. ಮೂಲಕೃತಿಯಲ್ಲಿ ಯಾರ ಮಾತು ಕೇಳಿಸಲಿಲ್ಲವೋ ಅವರ ಮಾತನ್ನು ಕೇಳಿಸುವುದು. ಮೊದಲ ಭಾಗ ಯಾವ ಲೆಕ್ಕವನ್ನು ತೀರಿತೆಂದು ಬದಿಗಿಟ್ಟಿತೋ ಅದು ತೀರಿಲ್ಲವೆಂದು ತೋರಿಸುವುದು. ‘ಆಪ್ತರಕ್ಷಕ’ವು ಕೊಲೆಗಾರ ಇನ್ನೂ ಬದುಕಿದ್ದಾನೆ ಎಂಬ ಒಂದು ಕಲ್ಪನೆಯಲ್ಲಿ ಈ ಮಾರ್ಗವನ್ನು ಕಂಡಿತ್ತು, ಆದರೆ ಅದರಲ್ಲಿ ನಡೆಯಲಿಲ್ಲ. ಕಂಡದ್ದು ಅದರ ಹೆಚ್ಚುಗಾರಿಕೆ. ನಡೆಯದೆ ಹೋದದ್ದು ಅದರ ಮಿತಿ. ಭಯಾನಕ ಚಿತ್ರದ ಉತ್ತರಭಾಗವನ್ನು ಅಳೆಯುವಾಗ ಅದು ಮೊದಲಿನದಕ್ಕಿಂತ ಎಷ್ಟು ಹೆಚ್ಚು ಹೆದರಿಸಿತು ಎಂದು ಕೇಳುವ ಬದಲು, ಯಾರ ನೋವನ್ನು ಹೊಸದಾಗಿ ತಿಳಿಸಿತು ಎಂದು ಕೇಳುವುದೇ ಯೋಗ್ಯವಾದ ಮಾನದಂಡ. ಈ ಮಾನದಂಡದಿಂದ ನೋಡಿದಾಗ ಗಂಗೆಯ ಕಥೆಗೆ ಕನ್ನಡದಲ್ಲಿ ಉತ್ತರಭಾಗ ಇನ್ನೂ ಬರಬೇಕಾಗಿದೆ.